ಒಂಬತ್ತನೆಯ ಎಲೆ

ಆ ದಿನ ಮಧ್ಯಾಹ್ನ ಬಾಡೂಟ ಇತ್ತೋ ಇಲ್ಲವೋ ನನಗೆ ಖಚಿತವಾಗಿ ಗೊತ್ತಿಲ್ಲ. ಇತ್ತು ಎಂದು ಇಪ್ಪತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಮೂರು ಮುದ್ದೆ, ಬೋಟಿ ಗೊಜ್ಜು, ಆಮೇಲೆ ಹುಣಸೆ ಮರದ ನೆರಳಲ್ಲಿ ಬಡಗಿ ಆಚಾರ್ರ ಗೊರಕೆ, ಇಷ್ಟೂ ನನ್ನ ಕಣ್ಣ ಮುಂದಿದೆ. ಆದರೆ ಕಣ್ಣ ಮುಂದಿರುವುದೆಲ್ಲ ನಡೆದದ್ದೇ ಆಗಿರಬೇಕೆಂದೇನಿಲ್ಲ.

ಪೀಣ್ಯದಲ್ಲಿ ನನ್ನ ಕೆಲಸವೇ ಅಳತೆಯ ಸಾಧನಗಳನ್ನು ಅನುಮಾನಿಸುವುದು. ಸುತ್ತಲಿನ ಸಣ್ಣ ಕಾರ್ಖಾನೆಯವರು ತಮ್ಮ ಕ್ಯಾಲಿಪರು, ಗೇಜುಗಳನ್ನು ತಂದುಕೊಡುತ್ತಾರೆ. ಸರಿ ಇದ್ದರೆ ಹಸಿರು ಚೀಟಿ ಅಂಟಿಸುತ್ತೇನೆ, ತಪ್ಪು ತೋರಿಸುತ್ತಿದ್ದರೆ ಕೆಂಪು ಚೀಟಿ. ನನ್ನ ನೆನಪನ್ನೇ ಯಾರಾದರೂ ಡಬ್ಬಿಯಲ್ಲಿ ಹಾಕಿ ತಂದುಕೊಟ್ಟರೆ, ಎರಡು ನಿಮಿಷ ನೋಡಿ, ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ಓದುವವರಿಗೂ ಒಳ್ಳೆಯದು, ನನಗೂ ಒಳ್ಳೆಯದು.

ವರ್ತೂರಿನಲ್ಲಿ ನಮ್ಮ ದೊಡ್ಡಮ್ಮನ, ಅಂದರೆ ಅಮ್ಮನ ಅಕ್ಕನ, ಹೆಂಚಿನ ಮನೆ ಇದೆ. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವಳದೇ ಮೂರು ಬಾಡಿಗೆ ಕಟ್ಟಡಗಳು ಎದ್ದಿವೆ. ಹೆಂಚಿನ ಮನೆ ಅವುಗಳ ನಡುವೆ, ಮೂವರು ಎತ್ತರದವರು ನಿಂತ ಫೋಟೋದಲ್ಲಿ ಕುರ್ಚಿ ಹಾಕಿಕೊಂಡು ಕೂತ ಹಿರಿಯರಂತೆ ಕೂತಿದೆ. ದೊಡ್ಡಮ್ಮ ಅದರ ಜಗಲಿಯಲ್ಲಿ ಕುಳಿತೇ ಇಪ್ಪತ್ತೆರಡು ಬಾಡಿಗೆ ಸಂಸಾರಗಳನ್ನು ಆಳುತ್ತಾಳೆ. ಯಾರ ಮನೆಗೆ ಯಾವ ಹೊತ್ತಿಗೆ ಯಾವ ಪಾರ್ಸೆಲ್ ಬಂತು ಎಂಬುದು ಪಾರ್ಸೆಲ್ ತಂದವನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಆ ಜಗಲಿಯ ಮೇಲೆ, ಹೆಂಚು ಮುಗಿಯುವ ಅಂಚಿನಲ್ಲಿ, ಜಂತೆಗಳ ತುದಿಯನ್ನು ಮುಚ್ಚಿಕೊಂಡು ಒಂದು ಹಲಗೆ ಇತ್ತು. ಹದಿಮೂರು ಅಡಿ ಉದ್ದದ ಸೂರಿನ ಹಲಗೆ. ಅದರ ಕೆಳ ಅಂಚನ್ನು ತೋರಣದ ಹಾಗೆ ಹದಿನೇಳು ಮಾವಿನ ಎಲೆಗಳಾಗಿ ಕೊಯ್ದಿದ್ದರು. ತೊಟ್ಟು ಮೇಲೆ, ತುದಿ ಕೆಳಗೆ. ಹದಿನಾರು ಎಲೆಗಳು ಹಾಗೆ. ನಟ್ಟನಡುವಿನ ಒಂಬತ್ತನೆಯ ಎಲೆ ಮಾತ್ರ ತಲೆಕೆಳಗು. ತುದಿ ಮೇಲೆ ಹಲಗೆಗೆ ಅಂಟಿಕೊಂಡು, ದಪ್ಪ ಹೊಟ್ಟೆ ಕೆಳಗೆ ಇಳಿಬಿಟ್ಟು, ಉಳಿದವುಗಳ ನಡುವೆ ಬಾವಲಿಯ ಹಾಗೆ ನೇತಾಡುತ್ತಿತ್ತು.

ಇದು ನಾನು ಎಂ.ಎಸ್ಸಿ. ಓದುತ್ತಿದ್ದಾಗ, ರಜೆಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದಾಗ ಮಾಡಿದ ಹಲಗೆ. ಮಾಡಿದವರು ಊರಿನ ಆಚಾರ್ರು. ರಟ್ಟಿನಲ್ಲಿ ಎಲೆಯ ಅಚ್ಚು ಕತ್ತರಿಸಿಕೊಟ್ಟವನು ನಾನು. ಆಚಾರ್ರು ಊಟ ಹೆಚ್ಚಾಗಿ, ತೂಕಡಿಸುತ್ತ ಅಚ್ಚನ್ನು ತಿರುಗಾಮುರುಗಾ ಇಟ್ಟು ಗೀಟು ಎಳೆದುಬಿಟ್ಟರು ಎಂಬುದು ನನ್ನ ಕತೆ. ಈ ಕತೆಯನ್ನು ಕಾಲೇಜಿನ ಕ್ಯಾಂಟೀನಿನಿಂದ ಹಿಡಿದು ನನ್ನ ಮದುವೆಯ ಆರತಕ್ಷತೆಯವರೆಗೆ ಎಲ್ಲ ಕಡೆ ಹೇಳಿದ್ದೇನೆ. ಗೊರಕೆಯ ಸದ್ದನ್ನೂ ಮಾಡಿ ತೋರಿಸುತ್ತಿದ್ದೆ.

ತಪ್ಪು ಕಂಡದ್ದು ಹಲಗೆ ಮೇಲೇರಿ ಮೊಳೆ ಹೊಡೆದ ಮೇಲೆ. ಇಳಿಸಿ ಬೇರೆ ಮಾಡುತ್ತೇನೆ ಎಂದು ಆಚಾರ್ರು ಅಂದರಂತೆ. ದೊಡ್ಡಮ್ಮ ಬೇಡ ಅಂದಳು. ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುವುದಿಲ್ಲವೇ, ಇದೂ ಹಾಗೆಯೇ, ಮನೆಗೆ ದೃಷ್ಟಿಬೊಟ್ಟು ಇರಲಿ ಎಂದಳು. ಅಲ್ಲಿಂದ ಅದು ದೃಷ್ಟಿ ಎಲೆಯಾಯಿತು. ಆಮೇಲೆ ರಸ್ತೆ ಅಗಲ ಮಾಡಲು ಗುರುತು ಹಾಕುತ್ತ ಬಂದವರ ಕೆಂಪು ಬಣ್ಣ ಪಕ್ಕದ ಕಾಂಪೌಂಡಿಗೇ ನಿಂತಿತು. ಸುತ್ತಲಿನ ಬೋರ್‌ವೆಲ್ಲುಗಳೆಲ್ಲ ಒಣಗಿದ ಬೇಸಿಗೆಯಲ್ಲೂ ದೊಡ್ಡಮ್ಮನದು ನೀರು ಕೊಟ್ಟಿತು. ಎರಡೂ ಎಲೆಯ ಖಾತೆಗೆ ಹೋದವು. ರಸ್ತೆಯ ಗುರುತಿಗೂ ಎಲೆಗೂ ಸಂಬಂಧವಿಲ್ಲ ಎಂದು ನಾನು ಒಮ್ಮೆ ಅರ್ಧ ಗಂಟೆ ವಿವರಿಸಿದ್ದೆ. ದೊಡ್ಡಮ್ಮ ಪೂರ್ತಿ ಕೇಳಿ, "ಎಷ್ಟ್ ಚೆನ್ನಾಗ್ ಮಾತಾಡ್ತೀಯೋ, ನಿಂಗೂ ದೃಷ್ಟಿ ತೆಗೀಬೇಕು" ಎಂದು ಒಳಗಿನಿಂದ ಮೆಣಸಿನಕಾಯಿ ತಂದಳು.

ಹೋದ ಆಷಾಢದ ಗಾಳಿಗೆ ಆ ಎಲೆ ಬಿತ್ತು. ದೊಡ್ಡಮ್ಮ ನನಗೆ ಫೋನ್ ಮಾಡಿದಳು.

"ದೃಷ್ಟಿ ಎಲೆ ಬಿದ್ದೋಯ್ತು ಕಣೋ."

"ಯಾರ ಮೇಲೆ?"

"ಯಾರ್ ಮ್ಯಾಲೂ ಇಲ್ಲ. ಯಾದಗಿರಿಯೋನ್ ಗಾಡಿ ಸೀಟ್ ಮ್ಯಾಲೆ. ನೀನ್ ಬಾ ಮೊದ್ಲು."

ಯಾದಗಿರಿಯವನು ಎಂದರೆ ಹಿಂದಿನ ಕಟ್ಟಡದ ಕೆಳಮನೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದ ಬಾಡಿಗೆದಾರ. ಅಪಾರ್ಟ್‌ಮೆಂಟುಗಳಲ್ಲಿ ನೆಲಕ್ಕೆ ಟೈಲ್ಸ್ ಹಾಕುವ ಕೆಲಸ. ಹಸಿರು ಮೆಟ್ರೋ, ನೇರಳೆ ಮೆಟ್ರೋ, ಕೊನೆಗೊಂದು ಬಸ್ಸು ಹಿಡಿದು ನಾನು ವರ್ತೂರು ತಲುಪುವಷ್ಟರಲ್ಲಿ ಆತ ಕೆಲಸಕ್ಕೆ ಹೊರಟು ನಿಂತಿದ್ದ.

"ನೋಡ್ರಿ ಸರ್," ಎಂದು ಸೀಟಿನ ಮೇಲಿನ ಗೀರು ತೋರಿಸಿದ. "ಮ್ಯಾಲಿಂದ ನಿಮ್ಮ ಮನಿ ಇಳದು ಬಂದು ನನ್ನ ಗಾಡಿ ಮ್ಯಾಲ ಕುಂತೈತ್ರಿ. ಎಲ್ಲಿಗಿ ಹೊಂಟಿತ್ತೋ ಏನೋ, ನಾನs ಬಿಟ್ಟು ಬರ್ತಿದ್ದೆ."

"ಬಾಯ್ ನೋಡು ಇವನ್ದು," ಎಂದಳು ದೊಡ್ಡಮ್ಮ. ಆತ ನಗುತ್ತ ಗಾಡಿ ಹತ್ತಿ ಹೋದ. ಬಿದ್ದ ಎಲೆ ಎಲ್ಲಿ ಎಂದು ನಾನು ಕೇಳಲಿಲ್ಲ. ದೊಡ್ಡಮ್ಮ ಅದನ್ನು ಒಲೆಗೆ ಹಾಕಿರಬೇಕು ಎಂದುಕೊಂಡೆ. ಸ್ಯಾಂಪಲ್ ಎಂದು ನಾನು ಪೀಣ್ಯಕ್ಕೆ ತೆಗೆದುಕೊಂಡು ಹೋದೆ ಎಂದು ದೊಡ್ಡಮ್ಮ ತಿಳಿದಳಂತೆ. ಇದು ಮುಂದೆ ಮುಖ್ಯವಾಗುತ್ತದೆ.

ಏಣಿ ಹತ್ತಿ ಹಲಗೆ ನೋಡಿದೆ. ಹೊರಗಿನಿಂದ ಹಸಿರು ಬಣ್ಣ ಗಟ್ಟಿಯಾಗಿಯೇ ಕಾಣುತ್ತಿತ್ತು. ಬೆರಳಿಟ್ಟು ಒತ್ತಿದರೆ, ಹಾಲಿನಲ್ಲಿ ನೆನೆದ ರಸ್ಕಿನ ಹಾಗೆ ಬೆರಳು ಒಳಗೆ ಹೋಯಿತು. ಬಣ್ಣದ ಸಿಪ್ಪೆಯೊಂದು ಮರದ ವೇಷ ಹಾಕಿಕೊಂಡು ನಿಂತಿತ್ತು, ಅಷ್ಟೆ.

ನಾನು ಸುಲಭದ ದಾರಿ ಹೇಳಿದೆ. ಪೀಣ್ಯದಲ್ಲಿ ನಮ್ಮ ಪಕ್ಕದ ಶೆಡ್ಡಿನವರ ಬಳಿ ಲೇಸರ್ ಯಂತ್ರವಿದೆ. ಅಲ್ಯೂಮಿನಿಯಂ ತಗಡಿನಲ್ಲಿ ಹದಿನೇಳು ಎಲೆ ಹತ್ತು ನಿಮಿಷದಲ್ಲಿ ಕತ್ತರಿಸಿಕೊಡುತ್ತಾರೆ. ಕೊಳೆಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ.

"ತಗಡಾ? ಮಳೆ ಬಂದ್ರೆ ಯಾರ್ದೋ ತಮಟೆ ಬಾರಿಸ್ದಂಗೆ ಬಡ್ಕೊತದೆ. ಮರದ್ದೇ ಆಗ್ಬೇಕು. ಆಚಾರ್ರುನ್ನೇ ಕರ್ಸು. ಅಂಗೇ ಉಲ್ಟಾ ಎಲೇನೂ ಅವ್ರೇ ಮಾಡ್ಬೇಕು."

ಆಚಾರ್ರು ಭಾನುವಾರ ಬಂದರು. ಈಗ ಅವರಿಗೆ ಅರವತ್ತು ದಾಟಿದೆ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಗೆ ಪ್ಲೈವುಡ್ಡಿನ ಕಪಾಟು ಮಾಡುವ ಗುಂಪಿನಲ್ಲಿದ್ದಾರೆ. "ಅದು ಮರಗೆಲ್ಸ ಅಲ್ಲ ಸಾರ್, ಬಿಸ್ಕತ್ ಕಾರ್ಖಾನೆ," ಎಂದು ಬಂದವರೇ ಬೈದರು. ಹಲಗೆಯನ್ನು ನೋಡಲು ಏಣಿ ಹತ್ತಲಿಲ್ಲ. ಅಂಗಳದಲ್ಲಿ ನಿಂತು, ಹಲಗೆ ಬಿಟ್ಟು ಅದರ ಮೇಲಿನ ಆಕಾಶವನ್ನು ನೋಡಿದರು. ಆಮೇಲೆ ಕೈ ತೋರಿಸಿದರು. ಹಿಂದಿನ ಕಟ್ಟಡದ ಟ್ಯಾಂಕ್ ತುಂಬಿದಾಗ ಹೆಚ್ಚಿನ ನೀರು ಸುರಿಯುವ ಪೈಪು, ಸರಿಯಾಗಿ ನಮ್ಮ ಹೆಂಚಿನ ನಡುಮಧ್ಯಕ್ಕೆ ಬಾಯಿ ಬಿಟ್ಟುಕೊಂಡು ನಿಂತಿತ್ತು.

"ಮಳೆ ಅಲ್ಲಮ್ಮ ಕೊಳ್ಸಿರೋದು. ನಿಮ್ ಮೋಟ್ರು. ದಿನಾ ಬೆಳಗ್ಗೆ ಅಭಿಷೇಕ ಮಾಡ್ಸಿದೀರಿ ದೃಷ್ಟಿ ಎಲೆಗೆ."

ದೊಡ್ಡಮ್ಮ ಮಾತು ತಿರುಗಿಸಿದಳು.

"ಆಯ್ತು, ಪೈಪ್ ತಿರುಗ್ಸೋಣ. ನೀವು ಎಲೆ ಮಾತ್ರ ಮೊದ್ಲಂಗೇ ಮಾಡ್ಕೊಡಿ. ನಡುಗಡೆದು ಉಲ್ಟಾ."

"ಹದ್ನೇಳೂ ನೆಟ್ಟಗೆ ಮಾಡ್ತೀನಿ. ಉಲ್ಟಾ ಮಾಡಲ್ಲ."

"ದೃಷ್ಟಿಗೆ ಕಣ್ರೀ ಅದು."

"ನಿಮ್ಗೆ ದೃಷ್ಟಿ. ನಂಗೆ ಎಸ್ರು." ಆಚಾರ್ರು ಜಗಲಿಯ ಮೇಲೆ ಕುಳಿತರು. ನನ್ನ ಕಡೆ ತಿರುಗಿದರು. "ಸಾರ್, ನಿಮ್ಗೆ ಗೊತ್ತಿಲ್ಲ. ಈ ಊರಲ್ಲಿ ನಾಕ್ ಜನ ಆಚಾರ್ರು ಇದ್ವಿ. ನಾನು ಯಾವನು ಅಂದ್ರೆ ಉಲ್ಟಾ ಎಲೆ ಆಚಾರಿ. ನಲವತ್ತು ಮನೆ ಬಾಗ್ಲು ಮಾಡಿದೀನಿ, ದೇವಸ್ಥಾನದ ಬಾಗ್ಲು ಮಾಡಿದೀನಿ, ಅದ್ಯಾವ್ದೂ ಇಲ್ಲ. ಮೊನ್ನೆ ಅಪಾರ್ಟ್‌ಮೆಂಟಿಗೆ ಓದ್ರೆ ಗೇಟಲ್ಲಿರೋ ಸೆಕ್ಯೂರಿಟಿ ನಮ್ಮೂರೋನು. ಪುಸ್ತಕದಲ್ಲಿ ಏನ್ ಬರ್ದವ್ನೆ ಗೊತ್ತಾ? ವಿಸಿಟರ್ ಎಸ್ರು, ಉಲ್ಟಾ ಎಲೆ ಆಚಾರಿ. ಹನ್ನೆರಡನೇ ಮಹಡಿಯಿಂದ ಆಯಮ್ಮ ಫೋನ್ನಲ್ಲಿ ಕೇಳ್ತಾಳೆ, ಉಲ್ಟಾ ಅಂದ್ರೆ ಯಾವ್ ಕಂಪನಿ ಅಂತ."

ನಾನು ನಕ್ಕುಬಿಟ್ಟೆ. ಆಚಾರ್ರು ನಗಲಿಲ್ಲ.

"ಕಣ್ಣು ಸರಿಯಾಗ್ ಕಾಣಲ್ಲ ಈಗ. ಮುಂದಿನ್ ವರ್ಷ ಕೆಲ್ಸ ಬಿಡ್ತೀನಿ. ಊರೊಳಗೆ ನಾನ್ ಮಾಡೋ ಕೊನೇ ಮರಗೆಲ್ಸ ಇದು. ಇದಾದ್ರೂ ನೆಟ್ಟಗೆ ನಿಂತ್ಕೊಂಡಿರ್ಬೇಕು. ಓಗೋ ಬರೋರು ನೋಡಿ ಆ ಎಸ್ರು ಮರೀಬೇಕು. ಅದಕ್ಕೇ ಒಪ್ಕೊಂಡಿದ್ದು." ಆಮೇಲೆ ತಣ್ಣಗೆ ಸೇರಿಸಿದರು, "ಆ ಎಸ್ರು ಇಟ್ಟೋರು ಯಾರು ಗೊತ್ತಾ ಸಾರ್?"

"ಯಾರು?"

"ನೀವೇ. ಬಸ್ ಸ್ಟ್ಯಾಂಡ್ ಟೀ ಅಂಗಡೀಲಿ. ಗೊರಕೆ ಬೇರೆ ಒಡ್ದು ತೋರ್ಸಿದ್ರಿ."

ನನಗೆ ನೆನಪಿರಲಿಲ್ಲ. ಗೊರಕೆ ಹೊಡೆದು ತೋರಿಸಿದ್ದು ಮಾತ್ರ ನಾನೇ ಇರಬೇಕು ಅನಿಸಿತು.

"ಆದ್ರೆ ಅವತ್ತು ಊಟ ಆದ್ಮೇಲೆ ನೀವು ಮಲಗಿದ್ದು ನಿಜ ತಾನೇ?" ಎಂದೆ. "ಬಾಡೂಟ ಇತ್ತಲ್ಲ."

"ಮಲಗೋದಾ? ನೀವು ಬಿಟ್ರೆ ತಾನೆ? ಬೆಳಕು ಅಲೆ ಥರಾನೂ ಓಗತ್ತೆ, ಕಾಳ್ ಥರಾನೂ ಓಗತ್ತೆ ಅಂತ ಬೆಳಗ್ಗೆಯಿಂದ ಕೊರೀತಿದ್ರಿ. ಗೀಟ್ ಹಾಕ್ತಾ ಹಾಕ್ತಾ ಕೊರದ್ರಿ. ಆ ಎಲೆ ನೀವೇ ಬರ್ದಿದ್ದು. ಅವತ್ತೇ ಏಳ್ದೆ, ಯಾರ್ ಕೇಳ್ತಾರೆ? ನೀವು ಎಂ.ಎಸ್ಸಿ."

"ಬಾಡೂ ಇಲ್ಲ ಏನೂ ಇಲ್ಲ," ಎಂದಳು ದೊಡ್ಡಮ್ಮ ಒಳಗಿನಿಂದ. "ಅವತ್ತು ಸೋಮವಾರ. ಸೋಮವಾರ ನಮ್ಮನೇಲಿ ಯಾವತ್ತಾದ್ರೂ ಬಾಡ್ ಮಾಡಿದೀನಾ? ಉಪ್ಸಾರು ಮಾಡಿದ್ದೆ."

ಉಪ್ಸಾರು ಉಂಡು ಯಾರೂ ಹಾಗೆ ಗೊರಕೆ ಹೊಡೆಯುವುದಿಲ್ಲ. ನನ್ನ ಕತೆಯ ಒಂದು ಕಾಲು ಅಲ್ಲೇ ಮುರಿಯಿತು. ಆದರೂ ದೊಡ್ಡಮ್ಮನ ಸೋಮವಾರವನ್ನು ಮಾತ್ರ ಯಾಕೆ ನಂಬಬೇಕು? ನಾನು ಹಲಗೆ ಇಳಿಸಿ ನೋಡೋಣ ಎಂದೆ.

ಇಳಿಸಿದೆವು. ಅರ್ಧ ಕೈಗೆ ಬಂತು, ಅರ್ಧ ಪುಡಿಯಾಗಿ ತಲೆಯ ಮೇಲೆ ಬಂತು. ಬೋರಲು ಹಾಕಿ ಗುಡಿಸಿದಾಗ ಹಲಗೆಯ ಬೆನ್ನು ಕಾಣಿಸಿತು. ಅದಕ್ಕೆ ಬಣ್ಣವನ್ನೇ ಹೊಡೆದಿರಲಿಲ್ಲ. ಮುಖಕ್ಕೆ ಮೂರು ಸಲ ಬಣ್ಣ, ಬೆನ್ನಿಗೆ ಒಂದು ಸಲವೂ ಇಲ್ಲ. ಬೇಗ ಕೊಳೆತದ್ದಕ್ಕೆ ಅದೂ ಒಂದು ಕಾರಣ ಎಂದು ಆಚಾರ್ರು ತಾವೇ ಒಪ್ಪಿಕೊಂಡರು. ಆದರೆ ಬಣ್ಣ ಇಲ್ಲದ್ದರಿಂದಲೇ ಪೆನ್ಸಿಲಿನ ಗೀಟುಗಳು ಉಳಿದಿದ್ದವು. ಕೊಯ್ಯುವಾಗ ಗರಗಸ ಮೇಲ್ಮುಖದ ಅಂಚನ್ನು ಸಿಬಿರು ಮಾಡುತ್ತದೆ. ಅದಕ್ಕೆ ಗೀಟು ಎಳೆಯುವುದೂ ಕೊಯ್ಯುವುದೂ ಬೆನ್ನಿನ ಕಡೆಯಿಂದ. ಮುಂದಿನ ಮುಖ ಚೊಕ್ಕವಾಗಿರುತ್ತದೆ.

ಹತ್ತರಿಂದ ಹದಿನೇಳರವರೆಗಿನ ಎಲೆಗಳ ಹೊಟ್ಟೆಯ ಮೇಲೆ ವೃತ್ತ ಹಾಕಿದ ಕನ್ನಡ ಅಂಕಿಗಳಿದ್ದವು. ೧೦, ೧೧, ೧೨. ಅದು ನನ್ನದೇ ಕೈ. ಆ ಕಾಲದಲ್ಲಿ ನಾವು ನಾಲ್ಕು ಜನ ಗೆಳೆಯರು ಕನ್ನಡ ಅಂಕಿಯಲ್ಲೇ ಬರೆಯುತ್ತೇವೆ ಎಂದು ಪಣ ತೊಟ್ಟಿದ್ದೆವು. ಪ್ರಯೋಗದ ಫಲಿತಾಂಶಗಳನ್ನೂ ಹಾಗೆ ಬರೆದು ಒಬ್ಬ ಗೆಳೆಯ ಇಡೀ ಪ್ರಯೋಗ ಮತ್ತೆ ಮಾಡಬೇಕಾಗಿ ಬಂದಿತ್ತು. ಒಂದರಿಂದ ಎಂಟರವರೆಗಿನ ಎಲೆಗಳಲ್ಲಿ ಯಾವ ಅಂಕಿಯೂ ಇಲ್ಲ, ಬರೀ ಗೀಟು. ಅವು ಆಚಾರ್ರವು. ನಡುವೆ, ಒಂಬತ್ತನೆಯ ಎಲೆ ಇರಬೇಕಾದ ಜಾಗದಲ್ಲಿ, ಮುರಿದ ಗಾಯ ಮಾತ್ರ.

"ನೋಡಿ," ಎಂದೆ. "ನಾನು ಎಂಟು ಮಾಡಿದೀನಿ. ಉಳಿದದ್ದು ನೀವು."

"ನಾನೂ ಎಂಟೇ ಮಾಡಿದೀನಿ. ಉಳಿದದ್ದು ನೀವು."

ಹದಿನೇಳನ್ನು ಇಬ್ಬರಿಗೆ ಸಮನಾಗಿ ಹಂಚಲು ಬರುವುದಿಲ್ಲ ಎಂಬ ಸಂಗತಿ ನನ್ನನ್ನು ಇಷ್ಟು ಕಾಡಿದ್ದು ಅದೇ ಮೊದಲು.

ಪರೀಕ್ಷೆ ಮಾಡಿಯೇ ಬಿಡೋಣ ಎಂದೆ. ಅಂಗಳದಲ್ಲಿ ಎರಡು ಸ್ಟೂಲು ಇಟ್ಟು ಹಲಗೆಯನ್ನು ಅಡ್ಡಡ್ಡ ಮಲಗಿಸಿದೆವು. ಅಂದಿನ ಹಾಗೆಯೇ ಆಚಾರ್ರು ಗೋಡೆಯ ಕಡೆ, ನಾನು ಎದುರಿಗೆ ಅಂಗಳದ ಕಡೆ. ಅವರು ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ ಗೀಟು ಎಳೆಯುತ್ತ ನಡುವೆ ಸೇರಿದ್ದೆವು. ಇಷ್ಟನ್ನು ಇಬ್ಬರೂ ಒಪ್ಪಿದೆವು. ಬಾಡಿಗೆಯವರ ಪಾರ್ಸೆಲ್ ಬಂದ ರಟ್ಟಿನ ಡಬ್ಬಿಯಿಂದ ಎಲೆಯ ಅಚ್ಚು ಕತ್ತರಿಸಿದೆ. ಎದುರುಬದುರು ಕೂತಾಗ ಎಲೆಯ ತುದಿ ಒಬ್ಬನಿಗೆ ಹತ್ತಿರ, ಇನ್ನೊಬ್ಬನಿಗೆ ದೂರ. ನಡುವಿನಲ್ಲಿ ಅಚ್ಚನ್ನು ಒಬ್ಬನ ಕೈಯಿಂದ ಇನ್ನೊಬ್ಬ ತೆಗೆದುಕೊಂಡಾಗ, ಕೊಟ್ಟವನು ತನ್ನ ಕಡೆಯಿಂದ ಇಟ್ಟಿದ್ದ ಹಾಗೆಯೇ ಇವನೂ ತನ್ನ ಕಡೆಯಿಂದ ಇಟ್ಟು ಗೀಟು ಎಳೆದರೆ ತಲೆಕೆಳಗಾಗುತ್ತದೆ. ನಾನು ಕೊಟ್ಟು ಅವರು ಎಳೆದರೂ ತಲೆಕೆಳಗು, ಅವರು ಕೊಟ್ಟು ನಾನು ಎಳೆದರೂ ತಲೆಕೆಳಗು. ನಾಲ್ಕು ಸಲ ಮಾಡಿದೆವು. ಬಾಡಿಗೆ ಮನೆಗಳ ಬಾಲ್ಕನಿಗಳಲ್ಲಿ ಜನ ಸೇರಿದರು. ಇಬ್ಬರು ದೊಡ್ಡ ಮನುಷ್ಯರು ಕೊಳೆತ ಹಲಗೆಯ ಎರಡು ಕಡೆ ಕೂತು ರಟ್ಟಿನ ಎಲೆಯನ್ನು ಕೊಟ್ಟು ತೆಗೆದುಕೊಳ್ಳುವುದನ್ನು ಮೂರನೇ ಮಹಡಿಯಿಂದ ಒಬ್ಬಳು ವಿಡಿಯೋ ಮಾಡುತ್ತಿದ್ದಳು. ಪರೀಕ್ಷೆಯಿಂದ ಗೊತ್ತಾದದ್ದು, ತಪ್ಪು ಯಾರು ಬೇಕಾದರೂ ಮಾಡಬಹುದಿತ್ತು ಎಂಬುದಷ್ಟೆ.

"ನಿಮ್ ಸೈನ್ಸ್ ಇಷ್ಟೇನಾ?" ಎಂದರು ಆಚಾರ್ರು. ಅಳತೆ ಬರೆದುಕೊಂಡು ಹೊರಟರು. ಗೇಟಿನ ಬಳಿ ನಿಂತು ದೊಡ್ಡಮ್ಮನಿಗೆ ಹೇಳಿದರು, "ಹದಿನೇಳೂ ನೆಟ್ಟಗೆ. ಇಷ್ಟ ಇಲ್ದಿದ್ರೆ ಇವತ್ತೇ ಏಳ್ಬಿಡಿ."

"ಉಲ್ಟಾ ಇಲ್ದಿದ್ರೆ ನಮ್ಮನೆ ಸೂರಿಗೆ ಏರ್ಸಲ್ಲ. ನೀವೂ ಇವತ್ತೇ ಕೇಳ್ಸ್ಕೊಳಿ."

ಎರಡು ವಾರ ಆಚಾರ್ರು ಫೋನ್ ಎತ್ತಲಿಲ್ಲ. ನಾನು ಟ್ಯಾಂಕಿನ ಪೈಪಿಗೆ ಒಂದು ಮೊಣಕೈ ತಿರುವು ಹಾಕಿ ನೀರನ್ನು ಚರಂಡಿಗೆ ಇಳಿಸಿದೆ. ನನ್ನ ಓದಿಗೆ ತಕ್ಕ ಕೆಲಸವನ್ನು ಆ ಮನೆಯಲ್ಲಿ ಮಾಡಿದ್ದು ಅದೊಂದೇ ಎಂದು ದೊಡ್ಡಮ್ಮ ಹೊಗಳಿದಳು. ಬರಿದಾದ ಸೂರಿನಲ್ಲಿ ಜಂತೆಗಳ ತುದಿಗಳು, ಹಲ್ಲುಸೆಟ್ಟು ತೆಗೆದಿಟ್ಟ ಬಾಯಿಯ ಹಾಗೆ ಕಾಣುತ್ತಿದ್ದವು. ದೊಡ್ಡಮ್ಮ ಹೊಸಿಲು ದಾಟುವಾಗೆಲ್ಲ ಮೇಲೆ ನೋಡುತ್ತಿದ್ದಳು. ಮೋಟಾರು ಒಂದು ದಿನ ಕೆಟ್ಟಿತು. ಎರಡನೇ ಮಹಡಿಯವರು ಮನೆ ಖಾಲಿ ಮಾಡುತ್ತೇವೆ ಎಂದರು. ಎರಡೂ ಆದದ್ದು ಎಲೆ ಇಲ್ಲದ್ದರಿಂದಲೇ ಎಂದಳು. ನಾನು ವಾದಿಸಲು ಹೋಗಲಿಲ್ಲ. ಮನೆಯಲ್ಲಿ ಮೆಣಸಿನಕಾಯಿ ಸಾಕಷ್ಟು ಇತ್ತು.

ಮೂರನೇ ಭಾನುವಾರ ಆಚಾರ್ರು ಗೂಡ್ಸ್ ಆಟೋದಲ್ಲಿ ಹಲಗೆಯೊಂದಿಗೆ ಬಂದಿಳಿದರು. ಯಾವುದೋ ಹಳೆಯ ಮನೆ ಕೆಡವಿದ ಕಡೆ ಸಿಕ್ಕ ತೇಗ. ಬೆನ್ನಿಗೂ ಮೂರು ಸಲ ಬಣ್ಣ ಹೊಡೆದಿದ್ದರು. ಎಲೆಗಳ ಅಂಚು ಬೆರಳಿಟ್ಟು ಸವರಬೇಕು ಅನ್ನಿಸುವಷ್ಟು ನಯವಾಗಿತ್ತು. ಎಣಿಸಿದೆ. ಎಂಟು ಎಲೆ, ಒಂದು ಖಾಲಿ ಜಾಗ, ಎಂಟು ಎಲೆ.

"ಒಂಬತ್ತನೇದು?"

ಜೇಬಿನಿಂದ ತೆಗೆದರು. ಬಿಡಿ ಎಲೆ, ನಡುವೆ ಒಂದು ತೂತು. ಹಲಗೆ ಮೇಲೇರಿ ನಿಂತ ಮೇಲೆ ಅದನ್ನು ಖಾಲಿ ಜಾಗದಲ್ಲಿ ಒಂದೇ ಒಂದು ಸ್ಕ್ರೂನಿಂದ ನಿಲ್ಲಿಸಿದರು. ಬೆರಳಿನಿಂದ ತಳ್ಳಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಿತ್ತು.

"ನಾನು ನೆಟ್ಟಗೆ ನಿಲ್ಸಿ ಓಗ್ತಾ ಇದೀನಮ್ಮ," ಎಂದರು. "ನಾನ್ ಓದ್ಮೇಲೆ ನೀವ್ ಏನಾದ್ರೂ ಮಾಡ್ಕೊಳಿ. ಆದ್ರೆ ಅದು ನನ್ ಕೈ ಕೆಲ್ಸ ಅಲ್ಲ."

ಅವರು ಬೀದಿಯ ತಿರುವು ದಾಟುವವರೆಗೆ ದೊಡ್ಡಮ್ಮ ಕಾದಳು. ಆಮೇಲೆ ಕಸಪೊರಕೆಯ ಹಿಡಿಯಿಂದ ಎಲೆಯನ್ನು ತಲೆಕೆಳಗು ಮಾಡಿದಳು.

ಅಲ್ಲಿಂದ ಮೂರು ತಿಂಗಳು ಆ ಎಲೆಗೆ ಬಿಡುವಿರಲಿಲ್ಲ. ಆಚಾರ್ರು ಕೆಲಸಕ್ಕೆ ಹೋಗುವಾಗ ಮೀಟರ್ ಉದ್ದದ ಅಡಿಕೋಲಿನಿಂದ ನೆಟ್ಟಗೆ ಮಾಡಿ ಹೋಗುತ್ತಿದ್ದರು. ಅವರು ಮರೆಯಾದ ಮೇಲೆ ಪೊರಕೆ ಬರುತ್ತಿತ್ತು. ಜೋರು ಗಾಳಿ ಬೀಸಿದರೆ ಎಲೆ ಯಾರ ಪಕ್ಷವೂ ಅಲ್ಲದೆ ಅಡ್ಡ ನಿಲ್ಲುತ್ತಿತ್ತು. ಇಬ್ಬರೂ ಎದುರಾದಾಗ ಈ ವಿಷಯ ಮಾತ್ರ ಎತ್ತುತ್ತಿರಲಿಲ್ಲ. ದೊಡ್ಡಮ್ಮ ಕಾಫಿ ಕೊಡುತ್ತಿದ್ದಳು, ಅವರು ಕುಡಿಯುತ್ತಿದ್ದರು. ಆದರೆ ಹೆಸರು ಹೋಗಲಿಲ್ಲ. ತಿರುಗುವ ಎಲೆಯ ಸುದ್ದಿ ಹರಡಿ, ಹಳೆಯ ಹೆಸರು ತಿಳಿಯದ ಬಾಡಿಗೆಯವರೂ ಈಗ ಆಚಾರ್ರನ್ನು ಉಲ್ಟಾ ಎಲೆ ಅಂಕಲ್ ಎಂದು ಕರೆಯತೊಡಗಿದ್ದರು. ಒಮ್ಮೆ ಬೀದಿಯಲ್ಲಿ ಯಾರೋ ಹಾಗೆ ಕೂಗಿದಾಗ ಅವರು ತಿರುಗಿ ನೋಡದೆ ಹೋದದ್ದನ್ನು ನಾನು ಕಂಡೆ. ಕೈಯಲ್ಲಿದ್ದ ಅಡಿಕೋಲನ್ನು ಅವತ್ತು ಸೂರಿಗೆ ಎತ್ತಲೂ ಇಲ್ಲ.

ದೀಪಾವಳಿ ಆದ ಮೇಲೆ ಯಾದಗಿರಿಯವನು ಮನೆ ಬದಲಾಯಿಸಿದ. ಸರ್ಜಾಪುರದ ಕಡೆ ದೊಡ್ಡ ಕೆಲಸ ಸಿಕ್ಕಿತ್ತು. ಸಾಮಾನು ಏರಿಸಲು ನಾನೂ ಕೈ ಹಾಕಿದೆ. ಕೊನೆಗೆ ಕಟ್ಟಡದ ಕೆಳಗೆ ನಿಲ್ಲಿಸಿದ್ದ ಗಾಡಿಯನ್ನು ಆತ ಹೊರಗೆ ತಳ್ಳಿದಾಗ, ಸೈಡ್ ಸ್ಟ್ಯಾಂಡ್ ಇದ್ದ ಜಾಗದಲ್ಲಿ ಅಂಗೈಗಿಂತ ತುಸು ದೊಡ್ಡದಾದ ಮರದ ತುಂಡೊಂದು ಉಳಿಯಿತು. ದಪ್ಪ ಹೊಟ್ಟೆ, ಕೊನೆಯಲ್ಲಿ ತೊಟ್ಟು.

"ಏನ್ರೀ ಇದು?"

"ಅದ? ನಿಮ್ಮ ಮನಿ ಎಲಿ ಅಲ್ರೀ ಸರ್. ಅವತ್ತ ನನ್ನ ಗಾಡಿ ಮ್ಯಾಲ ಕುಂತಿತ್ತು, ಆಮ್ಯಾಲ ನನ್ನ ಗಾಡಿ ಅದರ ಮ್ಯಾಲ ಕುಂತತಿ. ನೆಲ ಹಸಿ ಇರ್ತದ, ಸ್ಟ್ಯಾಂಡ್ ಇಳೀತದ. ಬಣ್ಣದ ಕಡಿ ಜಾರತಿತ್ತು, ಅದಕ್ಕ ಬೋರಲ ಹಾಕಿದ್ನಿ."

"ಇಷ್ಟು ದಿನ ಹೇಳ್ಲೇ ಇಲ್ಲವಲ್ರೀ!"

"ನೀವು ಕೇಳಲೇ ಇಲ್ಲಲ್ರೀ. ಅಂಗಳದಾಗ ರಟ್ಟಿನ ಎಲಿ ಇಟಗೊಂಡು ಆಡಾಕತ್ತಿದ್ರಂತ, ನನ್ನ ಹೆಂಡತಿ ವಿಡಿಯೋ ತೋರಿಸಿದ್ಲು. ಏನೋ ಪೂಜಿ ಇರಬೇಕು ಅಂದಕೊಂಡೆ."

ಆತ ಹೋದ. ನಾನು ಎಲೆಯನ್ನು ಎತ್ತಿಕೊಂಡು ಹಿತ್ತಲಿಗೆ ಹೋದೆ. ಮೇಲಿನ ಕುತ್ತಿಗೆ ಕೊಳೆತು ಮುರಿದಿತ್ತು, ಹೊಟ್ಟೆ ಗಟ್ಟಿಯಾಗಿತ್ತು. ಬೆನ್ನಿನ ಕಡೆ ಧೂಳು, ಎಣ್ಣೆ ಜಿಡ್ಡು, ಸ್ಟ್ಯಾಂಡು ಊರಿದ ಗುಳಿ. ಗೇಜು ಒರೆಸುವ ಹಾಗೆ ಒಣ ಬಟ್ಟೆಯಿಂದ ನಿಧಾನವಾಗಿ ಒರೆಸಿದೆ. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದೆ. ಗುಳಿಯ ಪಕ್ಕದಲ್ಲಿ ವೃತ್ತದ ಅರ್ಧ ಭಾಗ ಹೊಳೆಯಿತು.

ಎದುರಿಗೆ ಹಂಡೆ ಒಲೆ ಉರಿಯುತ್ತಿತ್ತು. ದೊಡ್ಡಮ್ಮ ಜಗಲಿಯಲ್ಲಿದ್ದಳು. ಎಲೆ ಉಳಿದಿದೆ ಎಂದು ತಿಳಿದಿದ್ದವನು ಸರ್ಜಾಪುರದ ದಾರಿಯಲ್ಲಿದ್ದ. ಒಲೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆ ಎಂದು ಹೇಳಲಾರೆ. ಸ್ವಲ್ಪ ಹೊತ್ತು ಎಂದು ನನ್ನ ನೆನಪು ಹೇಳುತ್ತದೆ. ಅದು ನನ್ನ ಪರವಾಗಿ ಹೇಳುತ್ತದೆ ಎಂಬುದನ್ನು ಗಮನಿಸಬೇಕು.

ಆಚಾರ್ರಿಗೆ ಫೋನ್ ಮಾಡಿದೆ. ಹೇಳಿದೆ. ಆ ಕಡೆಯಿಂದ ಗರಗಸದ ಸದ್ದು ನಿಂತಿತು.

"ಫೋಟೋ ಕಳ್ಸಿ," ಎಂದರು. ಕಳಿಸಿದೆ. ಎರಡು ನಿಮಿಷದ ಮೇಲೆ ಅವರೇ ಮಾಡಿದರು. "ನಂಗೆ ಏಳಿದ್ರೆ ಏನ್ ಬಂತು ಸಾರ್? ನಂಗೆ ಮೊದ್ಲೇ ಗೊತ್ತಿತ್ತು. ಎಲ್ಲಿ ಎಸ್ರು ಇಟ್ರೋ ಅಲ್ಲಿ ಓಗಿ ಏಳಿ."

ಮುಂದಿನ ಭಾನುವಾರ ಬಸ್ ಸ್ಟ್ಯಾಂಡಿನ ಟೀ ಅಂಗಡಿಗೆ ಹೋದೆವು. ಆಚಾರ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಅಂಗಡಿ ಅರ್ಧ ಮೊಬೈಲ್ ರಿಪೇರಿಯಾಗಿತ್ತು, ಉಳಿದರ್ಧದಲ್ಲಿ ಟೀ. ನಿಂತಿದ್ದವರಲ್ಲಿ ಹೆಚ್ಚಿನವರು ಹೊಸಬರು. ಹಳಬರು ಇಬ್ಬರು, ಬೆಂಚಿನ ಮೇಲೆ. ನಾನು ಎಲೆಯನ್ನು ಎತ್ತಿ ಹಿಡಿದು, ಇದನ್ನು ತಲೆಕೆಳಗು ಬರೆದವನು ನಾನು, ಇವರಲ್ಲ, ಅವತ್ತು ಇವರು ಮಲಗಿಯೂ ಇರಲಿಲ್ಲ ಎಂದು ಜೋರಾಗಿ ಹೇಳಿದೆ. ಮೊಬೈಲ್ ರಿಪೇರಿಯವನು ನಾನು ಏನನ್ನೋ ಮಾರಲು ಬಂದಿದ್ದೇನೆ ಎಂದುಕೊಂಡು, "ಬೇಡ ಗುರು, ಮುಂದೆ ಓಗು" ಎಂದ. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಎಲೆಯನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಹಿಂದೆ ಮುಂದೆ ನೋಡಿದರು. ಆಮೇಲೆ ಆಚಾರ್ರನ್ನು ನೋಡಿದರು.

"ಅಂಗಾದ್ರೆ ಇಷ್ಟ್ ವರ್ಷ ನಿನ್ನ ಸುಮ್‌ಸುಮ್ನೆ ಅಂದ್ವೇನೋ?"

"ಊ," ಎಂದರು ಆಚಾರ್ರು. ಟೀ ಕುಡಿದರು. ಇನ್ನೊಂದು ಟೀ ಹೇಳಿದರು. ಅದನ್ನು ಬಹಳ ನಿಧಾನವಾಗಿ ಕುಡಿದರು.

ಅಲ್ಲಿಂದ ನೇರ ದೊಡ್ಡಮ್ಮನ ಮನೆಗೆ ಬಂದು ಏಣಿ ಹಾಕಿಸಿದರು. ಒಂಬತ್ತನೆಯ ಎಲೆಯನ್ನು ತಾವೇ ತಲೆಕೆಳಗು ತಿರುಗಿಸಿ, ಜೇಬಿನಿಂದ ಎರಡನೇ ಸ್ಕ್ರೂ ತೆಗೆದು ಬಿಗಿದುಬಿಟ್ಟರು. ಇನ್ನು ಗಾಳಿಗೂ ತಿರುಗದು, ಪೊರಕೆಗೂ ತಿರುಗದು. ದೊಡ್ಡಮ್ಮ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

"ಏನ್ರೀ ಆಚಾರ್ರೇ, ಅಷ್ಟ್ ಅಟ ಮಾಡ್ತಿದ್ರಿ?"

"ಅದು ನನ್ ಎಲೆ ಅಂದ್ಕೊಂಡಿದ್ರಿ, ಅದಕ್ಕೆ ಬೇಡ ಅಂದೆ. ಈಗ ಸಾರ್ ಎಲೆ ತಾನೆ? ಎಂಗಾದ್ರೂ ನೇತಾಡ್ಲಿ ಬಿಡಿ."

ಆ ದಿನದ ಬಗ್ಗೆ ನನಗೆ ಈಗಲೂ ಹೆಚ್ಚೇನೂ ಗೊತ್ತಿಲ್ಲ. ಊಟಕ್ಕೆ ಏನಿತ್ತು, ವಾರ ಯಾವುದು, ಆ ಗೊರಕೆ ನನ್ನ ತಲೆಗೆ ಎಲ್ಲಿಂದ ಬಂತು, ಯಾವುದನ್ನೂ ಪ್ರಮಾಣ ಮಾಡಿ ಹೇಳಲಾರೆ. ಎಲೆಯನ್ನು ಪೀಣ್ಯಕ್ಕೆ ತಂದಿದ್ದೇನೆ. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅದನ್ನು ಭೂತಗಾಜಿನ ಕೆಳಗೆ ಇಟ್ಟು, ಹಳೆಯ ಹಲಗೆಯಿಂದ ಕತ್ತರಿಸಿ ತಂದ ಹತ್ತನೆಯ ಮತ್ತು ಹನ್ನೊಂದನೆಯ ಎಲೆಗಳ ಪಕ್ಕದಲ್ಲಿ ಹೋಲಿಸಿ ನೋಡಿದೆ. ಮೂರರಲ್ಲೂ ಅದೇ ಪೆನ್ಸಿಲು, ಮುಚ್ಚದೆ ಬಿಟ್ಟ ಅದೇ ವೃತ್ತ. ಒಂಬತ್ತನೆಯದರ ವೃತ್ತದೊಳಗೆ ಇರುವುದು ೯, ಬರೆದ ಕೈ ನನ್ನದು. ಹಸಿರು ಚೀಟಿ ಅಂಟಿಸಿದ್ದೇನೆ.